ಪಾಠ ಹೇಳುವುದು ಮೇಷ್ಟರೊಬ್ಬರ ಸೊತ್ತೇ?

ತುಮಕೂರು ಜಿಲ್ಲೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು:

“ರಜೆಯ ದಿನ ಊರಿಗೆ ಹೋಗಿ ಶಾಲೆಯಲ್ಲಿ ಪಾಠ ಹೇಳುವ ಎಂಜಿನಿಯರುಗಳನ್ನು ಹೋದ ಸಂಚಿಕೆಯಲ್ಲಿ ಹಾಡಿ ಹೊಗಳಿದ್ದೀರಿ. ನಮ್ಮ ಶಾಲೆಗೂ ಅಂಥದೊಂದು ತಂಡ ಬಂದಿತ್ತು. ಒಂದೇ ಬಣ್ಣದ ಟೀ ಶರ್ಟು, ಬ್ಯಾನರು, ಬಲೂನಿನ ರಾಕೆಟ್ಟು, ಬಿಸ್ಕತ್ ಪೊಟ್ಟಣ, ಗ್ರೂಪ್ ಫೋಟೋ. ಸೋಮವಾರ ಮಕ್ಕಳು ‘ನೀವ್ಯಾಕೆ ಸಾರ್ ರಾಕೆಟ್ ಬಿಡಲ್ಲ?’ ಅಂತ ನನ್ನನ್ನೇ ಕೇಳಿದವು. ನಾನು ಬಿ.ಎಡ್. ಮಾಡಿ ಈ ಕೆಲಸಕ್ಕೆ ಬಂದವನು. ನಾನು ಹೋಗಿ ಅವರ ಸೇತುವೆ ಕಟ್ಟುವುದಿಲ್ಲ. ಅವರು ಬಂದು ನನ್ನ ಪಾಠ ಯಾಕೆ ಮಾಡಬೇಕು?”

ಮೇಷ್ಟ್ರೇ, ಕೊನೆಯ ಮಾತು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು. ಚೆನ್ನಾಗಿ ಬರೆಯುತ್ತೀರಿ. ಬಿಸ್ಕತ್ ಪೊಟ್ಟಣದ ಬಗ್ಗೆ ನನ್ನದೂ ನಿಮ್ಮದೇ ಅಭಿಪ್ರಾಯ. ಕಂಪನಿಯ ವರ್ಷದ ವರದಿಗೆ ಫೋಟೋ ಬೇಕೆಂದು ಒಂದು ದಿನದ ಮಟ್ಟಿಗೆ ಬಸ್ಸು ಮಾಡಿಕೊಂಡು ಬರುವವರನ್ನು ಗೇಟಿನಲ್ಲೇ ಕೈಮುಗಿದು ಕಳಿಸಿದರೂ ತಪ್ಪಿಲ್ಲ. ಬೆಳಗ್ಗೆ ಹಾಲು, ಮಧ್ಯಾಹ್ನ ಮೊಟ್ಟೆಯ ಲೆಕ್ಕ, ನಡುವೆ ಗಣತಿ, ಚುನಾವಣೆ, ಸರ್ವರ್ ಸಿಕ್ಕಾಗ ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ಇಷ್ಟರ ಮೇಲೆ ಪಾಠ ಮಾಡುವ ನಿಮಗೆ ಯಾರೋ ಬಂದು ಬಲೂನು ಹಾರಿಸಿ ಚಪ್ಪಾಳೆ ಗಿಟ್ಟಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಒಪ್ಪಿದೆ.

ಆದರೆ ಆ ಟೀ ಶರ್ಟಿನ ಸಿಟ್ಟನ್ನು ಎಲ್ಲರ ಮೇಲೂ ತೀರಿಸಿಕೊಳ್ಳಬೇಡಿ. ನನಗೆ ಪರಿಚಯದ ನಿವೃತ್ತ ಎಂಜಿನಿಯರೊಬ್ಬರಿದ್ದಾರೆ. ವಿದ್ಯುತ್ ಇಲಾಖೆಯಲ್ಲಿ ಸವೆದ ಜೀವ. ತಮ್ಮೂರಿನ ಶಾಲೆಯಲ್ಲಿ ಶನಿವಾರ ಬೆಳಗ್ಗೆ ಪಾಠ ಮಾಡುತ್ತಾರೆ, ಅದೂ ಮೇಷ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡೇ. ಒಮ್ಮೆ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, “ನಮ್ಮ ಹೊಲದ ಟಿ.ಸಿ. ಯಾಕೆ ಸಾರ್ ಗುಂಯ್ ಅನ್ನುತ್ತೆ?” ಎಂದಳು. ಟಿ.ಸಿ. ಎಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು. ಅವರು ಬೋರ್ಡಿನ ಕಡೆ ತಿರುಗಲೇ ಇಲ್ಲ. ಇಡೀ ಕ್ಲಾಸನ್ನು ಎಬ್ಬಿಸಿ ಟಿ.ಸಿ. ಬೇಲಿಯ ಹತ್ತಿರ ಕರೆದೊಯ್ದು ಸುಮ್ಮನೆ ನಿಲ್ಲಿಸಿದರು. ಎಲ್ಲರೂ ಕೇಳಿಸಿಕೊಂಡ ಮೇಲೆ ಹೇಳಿದರು: ಒಳಗೆ ತೆಳ್ಳನೆಯ ಉಕ್ಕಿನ ತಗಡುಗಳ ಕಂತೆ ಇದೆ, ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ, ಕಾಂತವಾದಾಗಲೆಲ್ಲ ತಗಡು ಕೂದಲೆಳೆಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತದೆ, ಅದು ಸೆಕೆಂಡಿಗೆ 100 ಸಲ, ನಮ್ಮ ಕಿವಿಗೆ ಬೀಳುವುದು ಆ ನಡುಕ.

ಅಲ್ಲಿಂದ ಮಾತು ಪಂಪ್‌ಸೆಟ್ಟಿಗೆ ಹೋಯಿತು. ಮೋಟಾರಿಗೆ ಕರೆಂಟು ತರುವ ಮೂರು ತಂತಿಯಲ್ಲಿ, ಅಂದರೆ ಮೂರು ಫೇಸಿನಲ್ಲಿ, ಒಂದು ಹೋಗಿದ್ದರೂ ಕಂಡೆನ್ಸರ್ ಹಾಕಿ ಎರಡರಲ್ಲೇ ಮೋಟಾರು ಓಡಿಸುವುದು ರೈತರ ಮನೆಯ ಹುಡುಗರಿಗೆ ಹೊಸದಲ್ಲ. ಮೂರು ಎತ್ತಿನ ಹೊರೆಯನ್ನು ಎರಡು ಎಳೆದರೆ ಏನಾಗುತ್ತದೋ ಅದೇ ಇಲ್ಲೂ ಎಂದರು. ನೀರಿನ ಹೊರೆ ಅಷ್ಟೇ ಇರುತ್ತದೆ, ಉಳಿದ ಎರಡು ತಂತಿಯಲ್ಲಿ ಕರೆಂಟು ಸುಮಾರು ಒಂದೂಮುಕ್ಕಾಲು ಪಟ್ಟು ಆಗುತ್ತದೆ, ಸುರುಳಿ ಕಾಯುತ್ತದೆ, ಇನ್ಸುಲೇಷನ್ ಕರಗುತ್ತದೆ, ಮೋಟಾರು ವೈಂಡಿಂಗ್ ಅಂಗಡಿ ಸೇರುತ್ತದೆ. ಹುಡುಗನೊಬ್ಬ ಎದ್ದು, “ನಮ್ಮಪ್ಪ ಈ ಬೇಸಿಗೇಲಿ ಎರಡು ಸಲ ಸುಟ್ರು ಸಾರ್” ಎಂದ. ಮೇಷ್ಟರು ಪಠ್ಯಪುಸ್ತಕ ತೆರೆದು ಅದೇ ಅಧ್ಯಾಯಕ್ಕೆ ಹೋದರು. ಆ ದಿನ ಅವರಿಗೆ ಪೀಠಿಕೆಯೇ ಬೇಕಾಗಲಿಲ್ಲ. ನಿಮ್ಮ ಬಿ.ಎಡ್.ಗೆ ಇದರಿಂದ ಏನು ಕುಂದು, ಹೇಳಿ?

ಎಂಜಿನಿಯರು ಮೇಷ್ಟರ ಕುರ್ಚಿಗೆ ಬರುತ್ತಾನೆ ಎಂಬ ಭಯಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಜಿಲ್ಲೆಯವರು ಎಂದೋ ಉತ್ತರ ಕೊಟ್ಟಾಗಿದೆ. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಮಾಡಿ ಕಲಿಯುವ ವಿಜ್ಞಾನ ಶುರುವಾಯಿತು. ಶುರು ಮಾಡಿದವರಲ್ಲಿ ಒಬ್ಬರು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ಅನಿಲ್ ಸದ್ಗೋಪಾಲ್. ಅದೇ ಸಂಸ್ಥೆಯ, ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಂದು ಹಳ್ಳಿಯ ಮೇಷ್ಟರ ಜೊತೆ ನೆಲದ ಮೇಲೆ ಕೂತು ಒಟ್ಟಿಗೆ ಪ್ರಯೋಗ ಮಾಡಿದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು. ಸವಾಲೀರಾಮ್ ಎಂಬ ಕಾಲ್ಪನಿಕ ಗೆಳೆಯನಿಗೆ ಮಕ್ಕಳು ತಮ್ಮ ಪ್ರಶ್ನೆಗಳನ್ನು ಪತ್ರದಲ್ಲಿ ಬರೆದು ಹಾಕುತ್ತಿದ್ದರು, ಉತ್ತರವೂ ಬರುತ್ತಿತ್ತು. (ನನ್ನಂಥ ಸಂಪಾದಕನಿಗೆ ಆ ಸವಾಲೀರಾಮನ ಮೇಲೆ ಸ್ವಲ್ಪ ಅಸೂಯೆಯೇ.) 1978ರಲ್ಲಿ ಇದು ಇಡೀ ಜಿಲ್ಲೆಗೆ ಹಬ್ಬಿತು. 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಅಷ್ಟು ವರ್ಷ ಕ್ಲಾಸಿನಲ್ಲಿ ಪಾಠ ನಡೆಸಿದವರು ಯಾರು? ನಿಮ್ಮಂಥ ಸರ್ಕಾರಿ ಮೇಷ್ಟರೇ.

ಅಲ್ಲಿಗೆ 1978ರಲ್ಲಿ ಒಂದು ವರ್ಷ ರಜೆ ಹಾಕಿ ಹೋದವರು ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೊ ಲಾರಿ ಕಾರ್ಖಾನೆಯಲ್ಲಿದ್ದ ಎಂಜಿನಿಯರು. ಸಂತೆಯಲ್ಲಿ ಸಿಗುವ ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡು ಮಾಡಿ, ಎರಡು ಕಡೆಯಿಂದ ಬೆಂಕಿಕಡ್ಡಿ ತೂರಿಸಿ ಕೀಲು ಮಾಡಿದರು. ನೀವೂ ಇವತ್ತೇ ಮಾಡಿ ನೋಡಿ. ನಾಲ್ಕು ಕಡ್ಡಿಯ ಚೌಕವನ್ನು ಬೆರಳಲ್ಲಿ ಒತ್ತಿದರೆ ಓರೆಯಾಗಿ ಮಲಗುತ್ತದೆ. ಮೂರು ಕಡ್ಡಿಯ ತ್ರಿಕೋನ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಹೈಟೆನ್ಷನ್ ಟವರಿನಲ್ಲಿ, ರೈಲ್ವೆ ಸೇತುವೆಯಲ್ಲಿ, ಶೀಟಿನ ಮಾಡಿನ ಕೆಳಗೆ ತ್ರಿಕೋನ ಯಾಕೆ ತುಂಬಿದೆ ಎಂದು ಆಮೇಲೆ ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ಸೇತುವೆ ಕಟ್ಟುವವರು ಅದನ್ನೇ ಕಟ್ಟಲಿ ಎಂದಿರಲ್ಲ, ಕಟ್ಟುವುದು ಹೇಗೆಂದು ಅವರು ಹೇಳದೆ ಇನ್ಯಾರು ಹೇಳಬೇಕು?

ಇದು ಹೊಸ ಫ್ಯಾಷನ್ ಅಂದುಕೊಂಡಿದ್ದರೆ ಇನ್ನೂ ಹಿಂದಕ್ಕೆ ಬನ್ನಿ. 1810ರಲ್ಲಿ ಲಂಡನ್ನಿನಲ್ಲಿ ಟೇಟಮ್ ಎಂಬ ಬೆಳ್ಳಿ ಕೆಲಸದವನು ತನ್ನ ಮನೆಯಲ್ಲೇ ಸಂಜೆ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್. ಪುಸ್ತಕಕ್ಕೆ ರಟ್ಟು ಕಟ್ಟುವ ಹುಡುಗನೊಬ್ಬ ಕಮ್ಮಾರನಾಗಿದ್ದ ಅಣ್ಣನ ಹತ್ತಿರ ಶಿಲ್ಲಿಂಗ್ ಇಸಕೊಂಡು ಹೋಗಿ ಕೇಳುತ್ತಿದ್ದ. ಆ ಹುಡುಗ ಮೈಕೆಲ್ ಫ್ಯಾರಡೆ. ನಿಮ್ಮ ಹೊಲದ ಟಿ.ಸಿ. ನಡೆಯುವುದು ಅವನು 1831ರಲ್ಲಿ ಕಂಡ ನಿಯಮದ ಮೇಲೆ. ಮುಂದೆ ದೊಡ್ಡ ವಿಜ್ಞಾನಿಯಾದ ಮೇಲೂ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳೆದುರು ನಿಂತು ಮೇಣದ ಬತ್ತಿ ಹಚ್ಚಿ ಪಾಠ ಹೇಳಿದ.

ನಮ್ಮಲ್ಲಿ? ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದೇ ಮನುಷ್ಯ ಪಂಪಭಾರತವನ್ನೂ ಸಂಪಾದಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಬುಧವಾರದ ಸಂಜೆ ವಿಜ್ಞಾನಿಗಳನ್ನು ಜನರೆದುರು ನಿಲ್ಲಿಸಿದರು. ಸಭೆಗೆ ಬಂದವರಲ್ಲಿ ವಿದ್ಯಾರ್ಥಿಗಳಿದ್ದರು, ಪೆನ್ಷನ್‌ದಾರರಿದ್ದರು, ಗಾಂಧಿಬಜಾರಿಗೆ ತರಕಾರಿಗೆ ಬಂದು ಚೀಲದ ಸಮೇತ ಕೂತವರೂ ಇದ್ದರು. ಅದನ್ನು ಕಂಡ ಕಣ್ಣಿಗೆ ಈಗ ಗ್ರಹಣದ ದಿನ ಟೀವಿ ಹಾಕಿದರೆ ಏನು ಕಾಣುತ್ತದೆ? ದರ್ಭೆ ಯಾವ ಪಾತ್ರೆಗೆ ಹಾಕಬೇಕು, ಯಾವ ರಾಶಿಗೆ ಕಂಟಕ ಎಂದು ದಿನವಿಡೀ ಚರ್ಚೆ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ ಎಂದು ಹೇಳಬಲ್ಲ ನೂರಾರು ಮಂದಿ ಅದೇ ಬೆಂಗಳೂರಿನಲ್ಲಿದ್ದಾರೆ. ಸ್ಟುಡಿಯೋದವರು ಕರೆಯುವುದಿಲ್ಲ, ಕರೆದರೂ ಇವರು ಕನ್ನಡದಲ್ಲಿ ಎರಡು ನಿಮಿಷ ಮಾತಾಡಲು ಹಿಂಜರಿಯುತ್ತಾರೆ. ಹುಟ್ಟಿದ್ದು ಹಾಸನವೋ ಹಾವೇರಿಯೋ, ಓದಿದ್ದು ಸರ್ಕಾರಿ ಶಾಲೆ, ಆದರೆ ಲೇಖನ ಕೇಳಿದರೆ “ಇಂಗ್ಲಿಷಿನಲ್ಲಿ ಕೊಡಲೇ?” ಎನ್ನುತ್ತಾರೆ. ನಮ್ಮ ಪತ್ರಿಕೆಗೆ ಬರುವ ಕವನಗಳನ್ನು ಚೀಲದಲ್ಲಿ ತುಂಬಬಹುದು. ವಿಜ್ಞಾನದ ಲೇಖನಕ್ಕೆ ನಾನು ಫೋನು ಮಾಡಿ ಮಾಡಿ ಸುಸ್ತಾಗಬೇಕು.

ಇಷ್ಟರ ನಡುವೆ ಒಬ್ಬ ಎಂಜಿನಿಯರಿಗೆ ತಾನು ಕಲಿತ ಊರಿನ ನೆನಪಾಗಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು ನಿಮ್ಮ ಕ್ಲಾಸಿನೊಳಗೆ ಬಂದರೆ, ನೀವು ಬಿ.ಎಡ್. ಸರ್ಟಿಫಿಕೇಟ್ ಕೇಳುತ್ತೀರಿ! ಅವನಿಗೆ ಮಕ್ಕಳ ಮನಸ್ಸು ತಿಳಿಯದು, ನಿಜ. ಗಂಟಲು ಹರಿಯುವ ಹಾಗೆ ವೇಗವಾಗಿ ಮಾತಾಡುತ್ತಾನೆ, ಅದೂ ನಿಜ. ಅದನ್ನು ತಿದ್ದುವ ಕೆಲಸ ನಿಮ್ಮದು. “ಮುಂದಿನ ಸಲ ಬೆಳಕಿನ ಪಾಠ ಇದೆ, ಅದಕ್ಕೆ ಸರಿಯಾಗಿ ತಯಾರಾಗಿ ಬನ್ನಪ್ಪ” ಎಂದು ಹೇಳುವ ಅಧಿಕಾರವೂ ನಿಮ್ಮದೇ. ರಾಕೆಟ್ ಕೇಳಿದ ಮಕ್ಕಳ ಮೇಲಂತೂ ಕೋಪ ಬೇಡ. ಬಲೂನಿನ ಗಾಳಿ ಹಿಂದಕ್ಕೆ ನುಗ್ಗಿದರೆ ಬಲೂನು ಯಾಕೆ ಮುಂದಕ್ಕೆ ಹೋಗುತ್ತದೆ ಎಂದು ಆ ಸೋಮವಾರವೇ ಕೇಳಿದ್ದರೆ ನ್ಯೂಟನ್ನಿನ ಮೂರನೇ ನಿಯಮ ಪುಕ್ಕಟೆ ಮುಗಿಯುತ್ತಿತ್ತು.

ಶನಿವಾರ ಬೆಳಗ್ಗೆ ನಿಮ್ಮ ಶಾಲೆಯಲ್ಲಿ ಯಾವ ಪೀರಿಯಡ್ ಖಾಲಿ ಇದೆ, ನಮ್ಮ ಕಚೇರಿಗೆ ಒಂದು ಕಾರ್ಡು ಬರೆದು ಹಾಕಿ. ಟಿ.ಸಿ. ಪಾಠದ ಆ ಹಿರಿಯರನ್ನು ಕೇಳಿದ್ದೇನೆ, ತುಮಕೂರಿನವರೆಗೂ ಬರಲು ಸಿದ್ಧರಿದ್ದಾರೆ, ಬಸ್ ಚಾರ್ಜೂ ಅವರದೇ. ಸಕ್ಕರೆ ಇಲ್ಲದ ಒಂದು ಲೋಟ ಚಹಾ ಕೊಡಿ, ಸಾಕು. ಹಾರ, ಶಾಲು, ಮೈಸೂರು ಪೇಟ ಮಾತ್ರ ತರಿಸಬೇಡಿ, ಎದ್ದು ಹೋಗಿಬಿಡುತ್ತಾರೆ.

— ಸಂ.