ಹಳೆಯ ಕಾರಿನ ಗೇರ್‌ಬಾಕ್ಸ್ ಎಣ್ಣೆ: ಬದಲಿಸಬೇಕೇ, ಬೇಡವೇ?

ಪ್ರಶ್ನೆ: 2011ರ ಮಾದರಿಯ ಆಟೊಮ್ಯಾಟಿಕ್ ಹೋಂಡಾ ಸಿಟಿ ಕಾರನ್ನು ಇತ್ತೀಚೆಗೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. 1,38,000 ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ದಾಖಲೆ ಎಲ್ಲೂ ಇಲ್ಲ. ಒಬ್ಬ ಮೆಕ್ಯಾನಿಕ್ ಕೂಡಲೇ ಫ್ಲಶ್ ಮಾಡಿಸಿ (ಯಂತ್ರದಿಂದ ಹಳೆಯ ಎಣ್ಣೆಯನ್ನೆಲ್ಲ ಹೊರದಬ್ಬಿಸಿ) ಎನ್ನುತ್ತಾರೆ. ಇನ್ನೊಬ್ಬರು, ಇಷ್ಟು ಓಡಿದ ಮೇಲೆ ಹೊಸ ಎಣ್ಣೆ ಹಾಕಿದರೆ ಗೇರ್ ಸ್ಲಿಪ್ ಆಗುತ್ತದೆ (ಎಂಜಿನ್ ತಿರುಗಿದರೂ ಶಕ್ತಿ ಚಕ್ರಗಳಿಗೆ ಸರಿಯಾಗಿ ತಲುಪುವುದಿಲ್ಲ), ಮುಟ್ಟಲೇಬೇಡಿ ಎನ್ನುತ್ತಾರೆ. ಸದ್ಯಕ್ಕೆ ತೊಂದರೆಯೇನೂ ಇಲ್ಲ. ಶಿರಾಡಿ ಘಾಟಿಯಲ್ಲಿ ಆಗಾಗ ಓಡಾಡಬೇಕಾಗುತ್ತದೆ. ಏನು ಮಾಡಲಿ?
- ಓದುಗರು, ಸಕಲೇಶಪುರ

ಉತ್ತರ: ಎಣ್ಣೆಯನ್ನು ಬದಲಿಸಿ, ಆದರೆ ಯಂತ್ರದಿಂದ ಒತ್ತಡ ಕೊಟ್ಟು ಫ್ಲಶ್ ಮಾಡಿಸಬೇಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಈ ಎಣ್ಣೆ ಸವೆತ ತಡೆಯುವುದರ ಜೊತೆಗೆ ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಗೇರುಗಳ ನಡುವಿನ, ಎಣ್ಣೆ ತುಂಬಿದ ಭಾಗ) ಮೂಲಕ ಎಂಜಿನ್ನಿನ ಶಕ್ತಿಯನ್ನು ದಾಟಿಸುತ್ತದೆ, ತನ್ನ ಒತ್ತಡದಿಂದ ಕ್ಲಚ್‌ಗಳನ್ನು ಹಿಡಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಒಯ್ಯುತ್ತದೆ. ಅದನ್ನು ಕೆಡಿಸುವುದೂ ಶಾಖವೇ. ಆದ್ದರಿಂದ ಘಾಟಿಯ ಏರಿನಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಸಾಗುವ ಕಾರಿನ ಎಣ್ಣೆಗೆ ಬಯಲುಸೀಮೆಯ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಕಾರಿನ ಎಣ್ಣೆಯಷ್ಟು ಆಯುಷ್ಯವಿರುವುದಿಲ್ಲ.

ಎರಡನೆಯ ಮೆಕ್ಯಾನಿಕ್‌ನ ಭಯಕ್ಕೂ ಕಾರಣವಿದೆ. ಬಹಳ ಸವೆದ ಗೇರ್‌ಬಾಕ್ಸ್‌ನಲ್ಲಿ ಕ್ಲಚ್‌ನ ಪುಡಿ ಎಣ್ಣೆಯಲ್ಲಿ ಬೆರೆತಿರುತ್ತದೆ, ಮೂಲೆಗಳಲ್ಲಿ ಮಡ್ಡಿ ಕಟ್ಟಿರುತ್ತದೆ. ಒತ್ತಡದ ಫ್ಲಶ್ ಆ ಮಡ್ಡಿಯನ್ನು ಎಬ್ಬಿಸಿ ಕವಾಟಗಳ ಸಣ್ಣ ದಾರಿಗಳಲ್ಲಿ ಸಿಕ್ಕಿಸಬಹುದು. ಆದರೆ ಎಣ್ಣೆ ಬದಲಿಸಿದ ಮೇಲೆ ಕೆಟ್ಟವೆಂದು ಹೇಳಲಾಗುವ ಗೇರ್‌ಬಾಕ್ಸ್‌ಗಳಲ್ಲಿ ಹಲವು ಮೊದಲೇ ಸ್ಲಿಪ್ ಆಗುತ್ತಿದ್ದವು, ಮಾಲೀಕರು ಕೊನೆಯ ಉಪಾಯವೆಂದು ಎಣ್ಣೆ ಬದಲಿಸಿದ್ದರು. ನಿಮ್ಮ ಕಾರಿನ ಸ್ಥಿತಿ ಅದಲ್ಲ.

ಮೊದಲು ಈಗಿರುವ ಎಣ್ಣೆಯನ್ನು ಪರೀಕ್ಷಿಸಿ. ಕಾರು ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಒಂದೂವರೆ ನಿಮಿಷದೊಳಗೆ ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ತೆಗೆದು ನೋಡಿ. (ಎಂಜಿನ್ ಚಾಲೂ ಇದ್ದಾಗಲೇ ನೋಡಬೇಕಾದ ಕಾರುಗಳೂ ಇವೆ, ಹೋಂಡಾದ ಕ್ರಮ ಬೇರೆ.) ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪು ಅಥವಾ ತಿಳಿಗಂದು ಬಣ್ಣವಿದ್ದರೆ ಚಿಂತೆಯಿಲ್ಲ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಕ್ಲಚ್ ಸುಟ್ಟಿರುವ ಸಂಭವವಿದೆ. ಹಾಲು ಬೆರೆಸಿದಂತಹ ಗುಲಾಬಿ ಬಣ್ಣ ಕಂಡರೆ ರೇಡಿಯೇಟರಿನ ಕೂಲಂಟ್ ಒಳಹೊಕ್ಕಿದೆ ಎಂದರ್ಥ, ಆಗ ಕಾರನ್ನು ಓಡಿಸಲೇಬಾರದು.

ಎಣ್ಣೆ ಸರಿಯಿದ್ದರೆ, ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿ ಬಂದಷ್ಟನ್ನು ಇಳಿಸಿ, ಅಷ್ಟೇ ಪ್ರಮಾಣದ ಹೋಂಡಾ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಡಿಡಬ್ಲ್ಯು-1 ತುಂಬಿಸಿ. ಒಂದು ಸಲಕ್ಕೆ ಇಳಿಯುವುದು ಒಟ್ಟು ಎಣ್ಣೆಯ ಅರ್ಧಕ್ಕಿಂತ ಕಡಿಮೆ, ಉಳಿದದ್ದರಲ್ಲಿ ಬಹುಪಾಲು ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ. ಶೇ 40ರಷ್ಟು ಇಳಿಯಿತೆಂದು ಲೆಕ್ಕ ಹಾಕಿದರೆ ಮೊದಲ ಸಲದ ನಂತರ ಶೇ 60, ಎರಡನೆಯದರ ನಂತರ ಶೇ 36, ಮೂರನೆಯದರ ನಂತರ ಸುಮಾರು ಶೇ 22ರಷ್ಟು ಮಾತ್ರ ಹಳೆಯ ಎಣ್ಣೆ ಉಳಿಯುತ್ತದೆ. ನಡುವೆ ಕೆಲವು ದಿನ ಕಾರು ಓಡಿಸಿ, ಮೂರು ಸಲ ಮಾಡಿಸಿ. ಖರ್ಚು ಹೆಚ್ಚಾದರೂ ಗೇರ್‌ಬಾಕ್ಸ್‌ಗೆ ಒಮ್ಮೆಲೇ ಆಘಾತವಾಗುವುದಿಲ್ಲ. ಪ್ರತಿ ಸಲವೂ ಬೋಲ್ಟಿನ ವಾಷರ್ ಹೊಸದಿರಲಿ. ಬೋಲ್ಟಿನ ತುದಿಯ ಅಯಸ್ಕಾಂತವನ್ನು ನೀವೇ ನಿಂತು ನೋಡಿ: ನುಣುಪಾದ ಬೂದು ಬಣ್ಣದ ಲೇಪ ಸಹಜ, ಕೈಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಗೇರ್‌ಬಾಕ್ಸ್ ಬಿಚ್ಚುವ ಅನುಭವಿಗಳಿಗೆ ತೋರಿಸಿ.

ಪ್ರಶ್ನೆ: ನನ್ನದು ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ಇರುವ ಹಳೆಯ ಮಾರುತಿ ಸೆಲೆರಿಯೊ. ಅದಕ್ಕೂ ಎಟಿಎಫ್ ಹಾಕಿಸಬೇಕೇ?
- ಓದುಗರು, ದಾವಣಗೆರೆ

ಉತ್ತರ: ಖಂಡಿತ ಬೇಡ. ಎಎಂಟಿಯ ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನಷ್ಟೇ ಆಕ್ಚುಯೇಟರ್ ಎಂಬ ಸಾಧನ ಮಾಡುತ್ತದೆ. ಗೇರ್‌ಬಾಕ್ಸ್‌ಗೆ ಮ್ಯಾನ್ಯುಯಲ್ ಗೇರ್ ಆಯಿಲ್ ಸಾಕು. ಆಕ್ಚುಯೇಟರಿನ ಎಣ್ಣೆ ಬೇರೆಯೇ ಇದೆ, ಅದರ ಮಟ್ಟವನ್ನು ಸರ್ವೀಸಿನಲ್ಲಿ ನೋಡಿಸಿ.