ಮೂರು ಬೆರಳು ಹಿಡಿಸದ ಬಾಯಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆ ವಿದ್ಯಾರ್ಥಿನಿಯ ಒಪ್ಪಿಗೆಯಿದೆ.)

“ಸ್ಟ್ಯಾಟಿಸ್ಟಿಕ್ಸ್ ತಲೆಗೆ ಹತ್ತುತ್ತಿಲ್ಲ ಮೇಡಂ. ಕೋರ್ಸ್ ಬಿಟ್ಟುಬಿಡೋಣ ಅಂತಿದೀನಿ.”

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್) ಮೂರನೇ ಸೆಮಿಸ್ಟರಿನ ಹುಡುಗಿ ನನ್ನ ಆಪ್ತಸಲಹೆಯ ಕೋಣೆಯಲ್ಲಿ ಕೂರುವ ಮೊದಲೇ ಹೇಳಿದ್ದು ಇದು. ಹಲ್ಲಿನ ಡಾಕ್ಟರಿಕೆಯ ಬಿಡಿಎಸ್ ಮುಗಿಸಿ, ಒಂದು ವರ್ಷ ಕ್ಲಿನಿಕ್ಕಿನಲ್ಲಿ ದುಡಿದು ಸಾರ್ವಜನಿಕ ಆರೋಗ್ಯ ಓದಲು ಬಂದವಳು. ಮನೆ ಮಲೆನಾಡಿನಲ್ಲಿ, ಅಡಿಕೆ ತೋಟದ ನಡುವೆ. ಆಡ್ಸ್ ರೇಶಿಯೋ (ಒಂದು ಅಭ್ಯಾಸ ಇದ್ದವರಲ್ಲೂ ಇಲ್ಲದವರಲ್ಲೂ ರೋಗದ ಸಂಭವ ಹೋಲಿಸುವ ಲೆಕ್ಕ) ಅಂದರೆ ಕೈ ಬೆವರುತ್ತದೆ, ರಾತ್ರಿ ನಿದ್ದೆಯಿಲ್ಲ. ಡೆಸರ್ಟೇಶನ್ (ಕೋರ್ಸಿನ ಪ್ರಬಂಧ) ಪ್ರಸ್ತಾವವನ್ನು, ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡುವ ಎಥಿಕ್ಸ್ ಕಮಿಟಿ ಎರಡು ಸಲ ವಾಪಸ್ ಕಳಿಸಿದೆ. ಬದುಕೇ ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿ ಕೇಳಿದೆ. ಇಲ್ಲವೆಂದಳು. ಆದರೂ ನಡುರಾತ್ರಿಗೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಬರೆದುಕೊಟ್ಟೆ.

ಅವಳ ಮಾತನ್ನು ಹಾಗೇ ನಂಬಿ, ಸೀನಿಯರ್ ಒಬ್ಬರ ಹತ್ತಿರ ಲೆಕ್ಕದ ಪಾಠಕ್ಕೆ ಏರ್ಪಾಡು ಮಾಡಿಸಿದೆ. ಮೂರು ವಾರ ದಂಡ. ತಪ್ಪು ನನ್ನದೇ. ಲೆಕ್ಕ ತಕ್ಕಮಟ್ಟಿಗೆ ಅರ್ಥವಾಗತೊಡಗಿತು, ನಿದ್ದೆ ಮಾತ್ರ ಬರಲಿಲ್ಲ.

ಮತ್ತೊಂದು ದಿನ ಪೆನ್ನು ತೆಗೆಯಲು ಪೌಚ್ ಬಿಚ್ಚಿದಾಗ ಒಳಗೆ ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿ ಕಂಡಿತು. “ಇದ್ಯಾಕೆ ಇಲ್ಲಿ?” ಅಂದೆ. ಅಷ್ಟು ಹೊತ್ತು ಸರಿಯಾಗಿದ್ದವಳು ಅತ್ತಳು.

ಫೀಲ್ಡ್ ಪೋಸ್ಟಿಂಗ್‌ನಲ್ಲಿ ಒಬ್ಬ ಹೆಂಗಸು ಸಿಕ್ಕಿದ್ದರಂತೆ. ಅಡಿಕೆ ಸುಲಿಯುವ ಕೂಲಿ, ದಿನವಿಡೀ ಬಾಯಲ್ಲಿ ಅಡಿಕೆ ಹೋಳು. ಬಾಯಿ ತೆರೆಯಿರಿ ಅಂದರೆ ಅವರದೇ ಮೂರು ಬೆರಳು ಒಳಗೆ ಹಿಡಿಸಲಿಲ್ಲ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್: ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದುಕೊಳ್ಳುತ್ತ ಬರುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಇವಳು ಫಾರ್ಮ್ ತುಂಬಿಸಿಕೊಂಡು ಎದ್ದಾಗ ಆಕೆ ಕೇಳಿದರಂತೆ, “ಬರ್ಕಂಡು ಹೋದ್ರೆ ನಂಗೇನಾಗ್ತದವ್ವ?”

ಕ್ಲಿನಿಕ್ಕಿನಲ್ಲಾದರೆ ಒಂದು ಹಲ್ಲು ಕಿತ್ತರೂ ನೋವು ಹೋಯಿತೆಂದು ಕೈ ಮುಗಿಯುತ್ತಾರೆ. ಇಲ್ಲಿ ಆ ಕೈಮುಗಿತ ಇಲ್ಲ. ಊರಲ್ಲಿ ಎಂಪಿಎಚ್ ಅಂದರೆ ಏನೆಂದೂ ತಿಳಿಯದು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲೇ ಈ ಕೋರ್ಸ್ ಶುರುಮಾಡಿದೆ, ಆದರೂ ಅವಳ ನೆಂಟರಿಗೆ ಅದು “ಡಾಕ್ಟರಿಕೆ ಬಿಟ್ಟು ಮತ್ತೇನೋ ಓದುವುದು”. ಅವಳ ಅಪ್ಪಯ್ಯನಿಗಂತೂ ಅಡಿಕೆಯಿಂದ ಬಾಯಿಗಾಗುವ ರೋಗವೆಂಬ ಪ್ರಬಂಧದ ವಿಷಯವೇ ಉರಿ: “ನೀನು ಓದಿದ್ದು ಅಡಿಕೆ ದುಡ್ಡಲ್ಲಿ. ಈಗ ಅದನ್ನೇ ವಿಷ ಅಂತೀಯ?” ಬರೀ ಅಡಿಕೆ ಜಗಿಯುವುದೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ಸಂಪುಟದಲ್ಲೇ ಬರೆದಿದೆ. ಅದನ್ನು ತೋಟದ ಯಜಮಾನರಿಗೆ ಫೋನಿನಲ್ಲಿ ಹೇಳಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಕಮಿಟಿಯ ಪತ್ರ ತರಲು ಹೇಳಿದೆ. ತಿರಸ್ಕಾರವೆಂದು ತಿಳಿದು ಆಕೆ ಅದನ್ನು ಪೂರ್ತಿ ಓದಿಯೇ ಇರಲಿಲ್ಲ. ಇಬ್ಬರೂ ಕೂತು ಓದಿದೆವು. ಮುಖ್ಯ ಆಕ್ಷೇಪ ಒಂದೇ: ಸಮೀಕ್ಷೆಯಲ್ಲಿ ರೋಗ ಕಂಡುಬಂದವರನ್ನು ಎಲ್ಲಿಗೆ ಕಳಿಸುತ್ತೀರಿ? ಅವಳು ಸುಮ್ಮನೆ ನನ್ನ ಮುಖ ನೋಡಿದಳು. “ಆ ಹೆಂಗಸು ಕೇಳಿದ್ದೂ ಇದೇ ಅಲ್ವಾ ಮೇಡಂ?”

ಅಲ್ಲಿಂದ ಸಲಹೆ ಸಲೀಸಾಯಿತು. ಬಿಡುವ ತೀರ್ಮಾನವನ್ನು ಸೆಮಿಸ್ಟರ್ ಮುಗಿಯುವವರೆಗೆ ಮುಂದಕ್ಕೆ ಹಾಕಿ, ನಿದ್ದೆಗೆಟ್ಟ ತಲೆಯಲ್ಲಿ ಅದು ಬೇಡ ಎಂದೆ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಖುದ್ದಾಗಿ ಕಂಡು, ಕಳಿಸಿದವರನ್ನು ನೋಡಲು ಒಪ್ಪಿಗೆ ಪತ್ರ ತನ್ನಿ. ಗೈಡ್ ಎದುರು ಮೊದಲು ಖಾಲಿ ಕೋಷ್ಟಕ ಬರೆಯಿರಿ: ಅಡಿಕೆ ಜಗಿಯುವವರು, ಜಗಿಯದವರು, ಬಾಯಿ ತೆರೆಯಲಾಗುವವರು, ಆಗದವರು. ಈ ನಾಲ್ಕು ಮನೆಯ ಸಂಖ್ಯೆಗಳಿಂದಲೇ ನಿಮ್ಮ ಆಡ್ಸ್ ರೇಶಿಯೋ ಬರುತ್ತದೆ. ಆ ಮನೆಗಳನ್ನು ತುಂಬಿಸಲು ಬೇಕಾಗದ ಪ್ರಶ್ನೆಗಳನ್ನು ಪ್ರಶ್ನಾವಳಿಯಿಂದ ಹೊಡೆದುಹಾಕಿ. (ಇದು ನನ್ನ ವಿದ್ಯೆಯಲ್ಲ, ಇಲ್ಲಿಗೆ ಬಂದ ಹುಡುಗರಿಂದಲೇ ಕಲಿತದ್ದು.) ಅಪ್ಪಯ್ಯನ ಜೊತೆ ವಾದ ನಿಲ್ಲಿಸಿ, ನಿಮ್ಮ ಅಂಗಳಕ್ಕೆ ಸುಲಿಯಲು ಬರುವವರು ಹೇಗಿದ್ದಾರೆ ಎಂದಷ್ಟೇ ವಿಚಾರಿಸಿ.

ಮೂರನೇ ಸಲ ಕಮಿಟಿ ಒಪ್ಪಿತು. ನಿದ್ದೆ ಇನ್ನೂ ಅರೆಬರೆ. ಅಪ್ಪಯ್ಯ ಕ್ಲಿನಿಕ್ ಯಾವಾಗ ಎಂದು ಕೇಳುವುದನ್ನು ಬಿಟ್ಟಿಲ್ಲ. ಆದರೆ ಮೊನ್ನೆ ಅವರೇ ಫೋನು ಮಾಡಿ, ಸುಲಿಯಲು ಬರುವವರಲ್ಲಿ ಇಬ್ಬರಿಗೆ ತುತ್ತು ದೊಡ್ಡದಾದರೆ ಬಾಯಿಗೆ ಹೋಗುವುದಿಲ್ಲವಂತೆ, ಯಾವ ದಿನ ಕರೆದುಕೊಂಡು ಬರಲಿ ಎಂದು ಕೇಳಿದರಂತೆ.