ಒಕ್ಕಲೆಬ್ಬಿಸಿದವರಿಗೂ ಕಾಡಿನ ಹಕ್ಕಿದೆ
ಓದುಗರ ಪ್ರಶ್ನೆ, ಅರಣ್ಯ ಹಕ್ಕು ವಕೀಲರ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ‘ಪಟ್ಟಾ ಕೊಡಿಸಿ’ ಎನ್ನುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆ ಭೂಮಿ ಹಂಚುವ ಯೋಜನೆಯಲ್ಲ. ವಸಾಹತು ಕಾಲದಲ್ಲಿ ಕಾಡನ್ನು ಸರ್ಕಾರದ ಹೆಸರಿಗೆ ಬರೆದುಕೊಳ್ಳುವಾಗ ಅಲ್ಲಿ ಬಾಳುತ್ತಿದ್ದವರ ಹಕ್ಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಸ್ವಾತಂತ್ರ್ಯದ ನಂತರವೂ ಹಿಡಿಯಲಿಲ್ಲ. ಇದು ಐತಿಹಾಸಿಕ ಅನ್ಯಾಯವೆಂದು ಸಂಸತ್ತೇ ಕಾಯ್ದೆಯ ಪೀಠಿಕೆಯಲ್ಲಿ ಒಪ್ಪಿಕೊಂಡಿದೆ. ಇಷ್ಟಾದರೂ ಕಚೇರಿಗಳಲ್ಲಿ ಹಾಡಿಯ, ಅಂದರೆ ಕಾಡಿನ ಬುಡಕಟ್ಟು ವಸತಿಯ, ಜನರನ್ನು ಬೇಡಲು ಬಂದವರಂತೆ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಕೋಪ ಬರುತ್ತದೆ. ಈ ಸಲ ಒಂದು ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ನಾವು ಜೇನು ಕುರುಬರು. ನಾಗರಹೊಳೆ ಕಾಡಿನೊಳಗಿದ್ದ ನಮ್ಮ ಹಾಡಿಯನ್ನು ಅಜ್ಜನ ಕಾಲದಲ್ಲಿ ಖಾಲಿ ಮಾಡಿಸಿದರು. ಈಗ ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿದ್ದೇವೆ. ನಮ್ಮ ಅರ್ಜಿ ‘ದಾಖಲೆ ಇಲ್ಲ, 2005ರಲ್ಲಿ ಸ್ವಾಧೀನದಲ್ಲಿರಲಿಲ್ಲ’ ಎಂದು ವಾಪಸಾಗಿದೆ. ಹಣ ಕೊಟ್ಟರೆ ನಮೂನೆ 57ರಲ್ಲಿ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ?

ಒಂದು ರೂಪಾಯಿಯನ್ನೂ ಕೊಡಬೇಡಿ. ನಮೂನೆ 57 ಇರುವುದು ಬಗರ್ ಹುಕುಂ (ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನು ಉಳುವ) ಸಾಗುವಳಿಗೆ, ಅದೂ ಕಂದಾಯ ಭೂಮಿಗೆ. ಕಾಡಿಗೂ ಅದಕ್ಕೂ ಸಂಬಂಧವಿಲ್ಲ. ತೋಟದ ಕೂಲಿಯಲ್ಲಿ ಉಳಿಸಿದ ಹಣವನ್ನು ಹೀಗೆ ಕಿತ್ತುಕೊಳ್ಳುವವರು ತಾಲ್ಲೂಕು ಕಚೇರಿಗಳ ಸುತ್ತ ಬೇಕಾದಷ್ಟಿದ್ದಾರೆ.

ಇನ್ನು ನಿಮ್ಮ ಅರ್ಜಿ. 2005ರ ಡಿಸೆಂಬರ್ 13ಕ್ಕೆ ಮೊದಲೇ ಜಾಗದ ಮೇಲೆ ಇರಬೇಕು ಎಂಬ ಷರತ್ತು ಸ್ವಾಧೀನದ ಆಧಾರದಲ್ಲಿ ಭೂಮಿ ಕೇಳುವವರಿಗೆ. ಎಬ್ಬಿಸಿದವರಿಗೆ ಬೇರೆಯೇ ಖಂಡವಿದೆ: ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಎಂ). ಆ ದಿನಕ್ಕೆ ಮೊದಲೇ ಕಾನೂನುಬಾಹಿರವಾಗಿ ಒಕ್ಕಲೆಬ್ಬಿಸಿ, ಸಲ್ಲಬೇಕಾದ ಪುನರ್ವಸತಿ ಕೊಡದೆ ಬಿಟ್ಟಿದ್ದರೆ, ಅದೇ ಸ್ಥಳದಲ್ಲಿ ಪುನರ್ವಸತಿ ಅಥವಾ ಪರ್ಯಾಯ ಭೂಮಿ ಕೇಳುವುದು ನಿಮ್ಮ ಹಕ್ಕು. ವೈಯಕ್ತಿಕ ಅರ್ಜಿ ನಮೂನೆಯಲ್ಲಿಯೇ ಇದಕ್ಕೆ ಪ್ರತ್ಯೇಕ ಸಾಲಿದೆ. ನಾನು ನೋಡಿದ ಅರ್ಜಿಗಳಲ್ಲಿ ಹೆಚ್ಚಿನವು ಆ ಸಾಲನ್ನು ಖಾಲಿ ಬಿಟ್ಟು, ಸ್ವಾಧೀನದ ಸಾಲನ್ನಷ್ಟೇ ತುಂಬಿದಂಥವು. ಅಂಥವು ಬಿದ್ದುಹೋಗುತ್ತವೆ. ಅಜ್ಜನಿಗೆ ಪುನರ್ವಸತಿ ಭೂಮಿ ಸಿಕ್ಕಿದ್ದರೆ ಮಾತ್ರ ಅದನ್ನು ಮುಚ್ಚಿಡಬೇಡಿ, ಆಗ ವಾದವೇ ಬೇರೆಯಾಗುತ್ತದೆ. ಹೈಕೋರ್ಟ್ ನಿರ್ದೇಶನದಂತೆ ನೇಮಕವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಆ ಭಾಗದಲ್ಲಿ ಹೀಗೆ ನೆಲೆ ಕಳೆದುಕೊಂಡ 3,418 ಬುಡಕಟ್ಟು ಕುಟುಂಬಗಳನ್ನು ಗುರುತಿಸಿತ್ತು. ನಿಮ್ಮ ಹಿರಿಯರ ಹೆಸರು ಅದರಲ್ಲಿದೆಯೇ ಎಂದು ಮೊದಲು ವಿಚಾರಿಸಿ.

‘ದಾಖಲೆ ಇಲ್ಲ’ ಎಂಬ ಮಾತನ್ನಂತೂ ನಾನು ಸಹಿಸುವುದಿಲ್ಲ. ದಾಖಲೆ ಇಲ್ಲದಂತೆ ಮಾಡಿದವರು ಯಾರು? 1927ರ ಭಾರತೀಯ ಅರಣ್ಯ ಕಾಯ್ದೆಯನ್ನು ಓದಿ. ಕಾಡನ್ನು ಮೀಸಲು ಮಾಡುವ ಮುನ್ನ ಪ್ರಕಟಣೆ ಹೊರಡಿಸಿ, ಹಕ್ಕು ಇದ್ದವರು ಬಂದು ಹೇಳಿಕೊಳ್ಳಲು ಕನಿಷ್ಠ ಮೂರು ತಿಂಗಳು ಕೊಡಬೇಕಿತ್ತು. ಹೇಳಿಕೊಳ್ಳದ ಹಕ್ಕು, ಅಧಿಕಾರಿಯ ವಿಚಾರಣೆಯಲ್ಲಿಯೂ ಗೊತ್ತಾಗದಿದ್ದರೆ, ನಶಿಸಿಹೋಗುತ್ತಿತ್ತು. ಅಲೆದಾಟದ ಬೇಸಾಯವನ್ನಂತೂ ಹಕ್ಕೆಂದೇ ಒಪ್ಪಲಿಲ್ಲ. ಸರ್ಕಾರ ಬೇಕೆಂದಾಗ ರದ್ದು ಮಾಡಬಹುದಾದ ರಿಯಾಯಿತಿ ಅದು. ಅಕ್ಷರ ಬಾರದ, ಪ್ರಕಟಣೆಯ ಸುದ್ದಿಯೇ ತಲುಪದ ಹಾಡಿಗಳು ಹೀಗೆ ಕಾಗದದಿಂದ ಅಳಿಸಿಹೋದವು. ಇದೇ ಕುರುಬರನ್ನು ಕಾಕನಕೋಟೆಯ ಖೆಡ್ಡಾಗಳಿಗೆ (ಕಾಡಾನೆ ಸೆರೆಯ ಕಾರ್ಯಾಚರಣೆಗಳಿಗೆ) ಆನೆ ಹಿಡಿಯಲು, ಪಳಗಿಸಲು ಕರೆಯುವಾಗ ಅವರು ಎಲ್ಲಿದ್ದಾರೆಂಬುದು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದಲೇ ಅರಣ್ಯ ಹಕ್ಕು ಕಾಯ್ದೆಯಡಿಯ ನಿಯಮ 13 ಬೇರೆ ಬಗೆಯ ಸಾಕ್ಷ್ಯಗಳನ್ನೂ ಒಪ್ಪುತ್ತದೆ: ಹಿರಿಯರ ಸಮಾಧಿ, ದೇವರ ಜಾಗ, ಹಳೆಯ ಬಾವಿ, ಮನೆಯ ಅಡಿಪಾಯ, ವಂಶವೃಕ್ಷ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ. ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು. ಇಂಥದ್ದೇ ದಾಖಲೆ ತನ್ನಿ ಎಂದು, ಗ್ರಾಮಸಭೆಯ ಮೇಲೆ ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಟ ಹಿಡಿಯುವಂತಿಲ್ಲ. ಉಪಗ್ರಹ ಚಿತ್ರ ಪೂರಕವಷ್ಟೇ. ನಿಮ್ಮ ಅಜ್ಜಿ ಇನ್ನೂ ಇದ್ದರೆ, ಅವರ ಓರಗೆಯವರನ್ನು ಈ ತಿಂಗಳೇ ಕೂರಿಸಿ ಹೇಳಿಕೆ ಬರೆಸಿಕೊಳ್ಳಿ. ಇದನ್ನು ಮುಂದೂಡಿದ ಹಾಡಿಗಳಲ್ಲಿ ಹೇಳುವವರೇ ಇಲ್ಲವಾದದ್ದನ್ನು ಕಂಡಿದ್ದೇನೆ. ಸಮಾಧಿಗಳಿರುವ ಜಾಗಕ್ಕೆ ಅರಣ್ಯ ಹಕ್ಕು ಸಮಿತಿಯೇ ಬಂದು ಸ್ಥಳ ಪರಿಶೀಲಿಸಿ ಮಹಜರು ಬರೆಯಲಿ.

ವಾಪಸಾದದ್ದಕ್ಕೆ ಲಿಖಿತ ಹಿಂಬರಹ ಕೇಳಿ ಪಡೆಯಿರಿ. ಗ್ರಾಮಸಭೆಯ ಶಿಫಾರಸನ್ನು ಮೇಲಿನ ಸಮಿತಿ ತಳ್ಳಿಹಾಕಿದ್ದರೆ ಕಾರಣಸಹಿತ ಆದೇಶ ಇರಲೇಬೇಕು. ಅದು ಕೈಸೇರಿದ 60 ದಿನಗಳೊಳಗೆ ಮೇಲ್ಮನವಿ ಹಾಕಿ. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದದ್ದನ್ನು ಆದೇಶವೆಂದು ಒಪ್ಪಿಕೊಂಡು ಮನೆಗೆ ಹೋಗಬೇಡಿ.

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ಕುಟುಂಬಗಳು ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದ್ದನ್ನು ಬರೆದು, ನಾವೂ ಹೋಗಬಹುದೇ ಎಂದು ಹಲವರು ಕೇಳಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅರ್ಜಿಯ ಸ್ವೀಕೃತಿ, ಗ್ರಾಮಸಭೆಯ ಠರಾವು ಎರಡೂ ಕೈಯಲ್ಲಿಲ್ಲದೆ ಯಾರೂ ಒಳಗೆ ಹೋಗಬೇಡಿ. ವನ್ಯಜೀವಿ ಕಾಯ್ದೆಯ ಮೊಕದ್ದಮೆ ಬಿದ್ದರೆ ಅಲೆಯಬೇಕಾದವರು ನಿಮ್ಮ ಮಕ್ಕಳು.

ಪ್ರಶ್ನೆ: ನಾವು ಸೋಲಿಗರು. ಕಾಡಿನಲ್ಲಿ 75 ವರ್ಷ ನೆಲೆಸಿದ್ದಕ್ಕೆ ದಾಖಲೆ ಕೇಳುತ್ತಾರೆ.

ಆ ಷರತ್ತು ಸೋಲಿಗರಂಥ ಪರಿಶಿಷ್ಟ ಪಂಗಡದವರಿಗೆ ಇಲ್ಲ. ಕೇಳಿದವರಿಂದ ಅದನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಹಕ್ಕುಪತ್ರವಿರುವ ಎರಡು ಎಕರೆಯನ್ನು ಹಾಡಿಯವರಿಂದ ಕ್ರಯಕ್ಕೆ ಪಡೆದಿದ್ದೇನೆ. ನೋಂದಣಿ ಹೇಗೆ?

ಆಗುವುದಿಲ್ಲ. ಆ ಹಕ್ಕು ಮಕ್ಕಳಿಗೆ ಹೋಗುತ್ತದೆ, ಪರಭಾರೆ ಆಗುವುದಿಲ್ಲ. ಭೂಮಿಯನ್ನು ಹಿಂದಿರುಗಿಸಿ.

ಪ್ರಶ್ನೆ: ಇವರಿಗೆ ಹಕ್ಕು ಕೊಟ್ಟರೆ ಕಾಡು ಉಳಿಯುತ್ತದೆಯೇ?

ಪ್ರತಿ ವಾರವೂ ಈ ಪ್ರಶ್ನೆ ಬರುತ್ತದೆ. ನಾಗರಹೊಳೆಯಲ್ಲಿ ಸಹಜ ಕಾಡು ಕಡಿದು ತೇಗದ ತೋಪು ಎಬ್ಬಿಸಿದವರು ಹಾಡಿಯವರಲ್ಲ, ಅರಣ್ಯ ಇಲಾಖೆ. ಬಿಳಿಗಿರಿರಂಗನ ಬೆಟ್ಟದಲ್ಲಿ ತರಗು ಬೆಂಕಿ ಹಾಕುವುದನ್ನು ನಿಷೇಧಿಸಿದ ಮೇಲೆ ಲಂಟಾನ ಕಳೆ ಹಬ್ಬಿತೆಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಅಲ್ಲಿ 2011ರಲ್ಲಿ ಸೋಲಿಗರ ಪೋಡುಗಳ (ಹಾಡಿಗಳ) ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದು ಹುಲಿ ಸಂರಕ್ಷಿತ ಪ್ರದೇಶವೇ.

ಪ್ರಶ್ನೆ: ಅರ್ಜಿ ಹಾಕುವ ಅವಧಿ ಮುಗಿದಿದೆಯಂತೆ?

ಸುಳ್ಳು. ಕಾಯ್ದೆಯಲ್ಲಿ ಕೊನೆಯ ದಿನಾಂಕವೇ ಇಲ್ಲ. ಗ್ರಾಮಸಭೆ ನಿಗದಿಪಡಿಸಿದ ಅವಧಿ ಮುಗಿದಿದ್ದರೆ, ಕಾರಣ ಬರೆದು ಅದನ್ನು ವಿಸ್ತರಿಸುವ ಅಧಿಕಾರ ಅದೇ ಸಭೆಗಿದೆ.